ಶಾಲೆಯಲ್ಲಿ ಜೇನು, ಚಿಟ್ಟೆ ಬರುವ ತೋಟ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. ತರಗತಿಯಲ್ಲಿ 35 ಮಕ್ಕಳಿದ್ದಾರೆ. ಕಾಂಪೌಂಡ್ ಗೋಡೆಯ ಪಕ್ಕ 20 ಅಡಿ ಉದ್ದ, 6 ಅಡಿ ಅಗಲದ ಜಾಗ ಖಾಲಿ ಇದೆ. ಅಲ್ಲಿ ಜೇನು, ಚಿಟ್ಟೆ ಬರುವಂಥ ತೋಟ ಮಾಡಬೇಕೆಂದು ಆಸೆ. ಹೋದ ವರ್ಷ ಹೂಗಿಡ ಹಾಕಿದ್ದೆವು. ಹೂವೇನೋ ರಾಶಿ ಬಿಟ್ಟವು, ಆದರೆ ಜೇನು ಬಂದದ್ದು ತೀರಾ ಕಡಿಮೆ. ರಜೆ ಮುಗಿಯುವಷ್ಟರಲ್ಲಿ ಎಲ್ಲವೂ ಒಣಗಿ ಹೋಗಿದ್ದವು. ಒಂದು ಜೇನುಪೆಟ್ಟಿಗೆ ತಂದಿಟ್ಟರೆ ಸರಿಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮಕ್ಕಳಿಗೆ ಜೇನು ಕಚ್ಚಿದರೆ ಏನು ಗತಿ ಎಂದು ಕೆಲವು ಪೋಷಕರಿಗೆ ಭಯ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ ಟೀಚರ್. ಗಿಡ ತರುವುದನ್ನು ಎರಡು ವಾರ ಮುಂದೂಡಿ. ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ ಆ ಖಾಲಿ ಜಾಗದ ಮುಂದೆ ಸುಮ್ನೆ ಕೂರಿಸಿ. ಖಾಲಿ ಅಂತ ನಾವು ಹೇಳುತ್ತೇವೆ, ಆದರೆ ಅಲ್ಲಿ ಏನೋ ಒಂದು ಕಳೆ ಹೂ ಬಿಟ್ಟಿರುತ್ತದೆ, ಅದಕ್ಕೊಂದು ನೊಣವೋ ಪುಟ್ಟ ಜೇನೋ ಬರುತ್ತಿರುತ್ತದೆ. ಅದನ್ನು ನೋಡಿದ ಮಕ್ಕಳು ಬೇರೆ ಥರ ತೋಟ ಮಾಡುತ್ತಾರೆ. ಇಷ್ಟು ವರ್ಷ ಶಾಲೆಗಳ ಜೊತೆ ಈ ಕೆಲಸ ಮಾಡಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ಮೊದಲು ನೋಡುವ ಅಭ್ಯಾಸ ಬರಬೇಕು, ಹೂವಿನ ಮಾತು ಆಮೇಲೆ.

ಈ ಎರಡು ವಾರದಲ್ಲಿ ಒಂದು ಲೆಕ್ಕ ಮಾಡಿಸಿ. ನಾಲ್ಕು ಕಡ್ಡಿ, ಒಂದಿಷ್ಟು ದಾರ ಸಾಕು. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕ ಮಾಡಿ, ಅದರೊಳಗಿನ ಹೂಗಳಿಗೆ ಹತ್ತು ನಿಮಿಷದಲ್ಲಿ ಯಾರು ಯಾರು ಬಂದರು ಎಂದು ಗೀಟು ಹಾಕಿ ಎಣಿಸಲಿ. ಹೆಸರು ಗೊತ್ತಿರಬೇಕಿಲ್ಲ. ಜೇನು, ದುಂಬಿ, ಚಿಟ್ಟೆ, ನೊಣ, ಜೀರುಂಡೆ, ಇರುವೆ, "ಗೊತ್ತಾಗಲಿಲ್ಲ" ಎಂದು ಏಳು ಮನೆ ಬರೆದುಕೊಂಡರೆ ಆಯಿತು. ಬಿಸಿಲಿತ್ತಾ, ಮೋಡವಿತ್ತಾ, ಗಾಳಿ ಜಾಸ್ತಿ ಇತ್ತಾ ಎಂದೂ ಬರೆಯಲಿ. ತೋಟ ಬೆಳೆದ ಮೇಲೆ ಇದೇ ಚೌಕ, ಇದೇ ಹತ್ತು ನಿಮಿಷ. ಆಗ ಹೋಲಿಸಿ ನೋಡಲು ಮಕ್ಕಳ ಕೈಯಲ್ಲೇ ಲೆಕ್ಕ ಇರುತ್ತದೆ.

ಎಣಿಸುವಾಗ ಒಂದು ಗೊಂದಲ ಖಂಡಿತ ಬರುತ್ತದೆ. ಮೈಮೇಲೆ ಹಳದಿ ಕಪ್ಪು ಪಟ್ಟೆ ಇರುವ ಒಂದು ಹುಳು ಹೂವಿನ ಮುಂದೆ ಗಾಳಿಯಲ್ಲಿ ಅಲ್ಲಾಡದೆ ನಿಂತಿರುತ್ತದೆ. ಮಕ್ಕಳು ಜೇನು ಜೇನು ಎಂದು ಕೂಗುತ್ತಾರೆ. ಅದು ನೊಣ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ನೊಣದ ಕಣ್ಣು ದೊಡ್ಡದು, ಮೀಸೆ ಗಿಡ್ಡ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಜೇನಿನ ವೇಷ ಹಾಕಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಈ ಜಾತಿಯ ಎಷ್ಟೋ ನೊಣಗಳ ಮರಿಹುಳುಗಳು ಗಿಡಹೇನು ತಿಂದು ಬದುಕುತ್ತವೆ, ಅಂದರೆ ನಿಮ್ಮ ತೋಟಕ್ಕೆ ಎರಡು ಕೆಲಸ ಮಾಡಿಕೊಡುತ್ತವೆ. ಇಷ್ಟು ಗೊತ್ತಾದ ಮಗು ಮುಂದೆ ಯಾವ ಹುಳವನ್ನು ಕಂಡರೂ ಮೊದಲು ರೆಕ್ಕೆ ಎಣಿಸುತ್ತದೆ.

ಈಗ ಹೋದ ವರ್ಷ ಜೇನು ಯಾಕೆ ಬರಲಿಲ್ಲ ಎಂಬ ವಿಷಯ. ನೀವು ಯಾವ ಹೂ ಹಾಕಿದ್ದಿರಿ ಎಂದು ಬರೆದಿಲ್ಲ, ಆದರೂ ಊಹಿಸಬಲ್ಲೆ. ನರ್ಸರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುದ್ದೆಯಾಗಿ, ಎಸಳ ಮೇಲೆ ಎಸಳು ತುಂಬಿಕೊಂಡ ಹೂಗಳು. ನಾನು ಮೊದಲ ಸಲ ಒಂದು ಶಾಲೆಯಲ್ಲಿ ತೋಟ ಮಾಡಿಸಿದಾಗ ಅಂಥ ಚೆಂಡುಹೂವನ್ನೇ ಎರಡು ಸಾಲು ನೆಡಿಸಿದ್ದೆ. ನೋಡಲು ಬಂಗಾರದಂತಿತ್ತು. ಮಕ್ಕಳು ದಿನವೂ ಜೇನಿಗೆ ಕಾದು, ಪಕ್ಕದಲ್ಲಿ ತಾನಾಗಿ ಹುಟ್ಟಿದ್ದ ತುಂಬೆ ಗಿಡದ ಮೇಲೆ ಅವು ಕೂರುವುದನ್ನು ನೋಡಿ, "ಸಾರ್, ಇವಕ್ಕೆ ನಮ್ಮ ಹೂ ಬೇಡವಾ?" ಎಂದು ಕೇಳಿದರು. ಮಕ್ಕಳು ಕೇಳಿದ್ದು ಸರಿಯಾಗೇ ಇತ್ತು. ಇಂಥ ಮುದ್ದೆ ಹೂಗಳಲ್ಲಿ ಪರಾಗ, ಮಕರಂದ ಇರಬೇಕಾದ ಭಾಗವೇ ಹೆಚ್ಚಿನ ಎಸಳಾಗಿ ಬದಲಾಗಿರುತ್ತದೆ. ಇದ್ದಷ್ಟು ಮಕರಂದಕ್ಕೂ ಹುಳದ ನಾಲಿಗೆ ತಲುಪುವುದಿಲ್ಲ. ಹಾಗಾಗಿ ನಡುವಿನ ಹಳದಿ ಬಟ್ಟಲು ಅಥವಾ ಕೇಸರ ಕಣ್ಣಿಗೆ ಕಾಣುವಂಥ, ಒಂದೇ ಸುತ್ತು ಎಸಳಿನ ಹೂಗಳನ್ನು ಆರಿಸಿ.

ಇನ್ನೊಂದು ಕಾರಣವೂ ಇರಬಹುದು. ನರ್ಸರಿ ಗಿಡಗಳಿಗೆ ಎಷ್ಟೋ ಸಲ ಮೊದಲೇ ಕೀಟನಾಶಕ ಕೊಟ್ಟಿರುತ್ತಾರೆ. ನಿಯೋನಿಕೊಟಿನಾಯ್ಡ್ ಎಂಬ ಗುಂಪಿನ ಔಷಧಿಗಳು ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದದವರೆಗೂ ಹೋಗುತ್ತವೆ. ಮೇಲಿಂದ ತೊಳೆದರೆ ಹೋಗುವುದಿಲ್ಲ. ಅವುಗಳಲ್ಲಿ ಮೂರನ್ನು ಬಯಲಲ್ಲಿ ಬಳಸದಂತೆ ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಆದ್ದರಿಂದ ಸಾಧ್ಯವಾದಷ್ಟು ಬೀಜದಿಂದಲೇ ಬೆಳೆಸಿ. ಮಕ್ಕಳಿಗೂ ಅದೇ ಚೆಂದ, ಮೊಳಕೆ ಒಡೆಯುವುದನ್ನೂ ನೋಡಿದ ಹಾಗಾಗುತ್ತದೆ. ಶಾಲೆಯಲ್ಲಿ ಗಿಡ ನೋಡಿಕೊಳ್ಳುವವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಂಡು, ಈ ಜಾಗಕ್ಕೆ ಯಾವ ಔಷಧಿಯನ್ನೂ ಹೊಡೆಯಬೇಡಿ ಎಂದು ಕೇಳಿಕೊಳ್ಳಿ. ಬೇವಿನ ಎಣ್ಣೆಯೂ ಬೇಡ.

ಜಾಗ ಹಂಚುವುದು ಸುಲಭ. ಆರು ಅಡಿ ಅಗಲದ ಒಂದೇ ಪಾತಿ ಮಾಡಿದರೆ ಮಕ್ಕಳು ನಡುವಿನ ಗಿಡ ನೋಡಲು ಉಳಿದವನ್ನು ತುಳಿಯುತ್ತಾರೆ. ಐದನೇ ತರಗತಿ ಮಗುವಿನ ಕೈ ಆರಾಮವಾಗಿ ಎಟಕುವುದು ಎರಡು ಅಡಿ. ಹಾಗಾಗಿ ಗೋಡೆಯ ಕಡೆ ಎರಡು ಅಡಿ ಪಾತಿ, ನಡುವೆ ಎರಡು ಅಡಿ ಓಡಾಡಲು ದಾರಿ, ಈಚೆ ಕಡೆ ಇನ್ನೊಂದು ಎರಡು ಅಡಿ ಪಾತಿ. ಐದೈದು ಮಕ್ಕಳ ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ಈಚೆ ಪಾತಿಯಲ್ಲಿ ಸುಮಾರು ಮೂರು ಅಡಿ ಕೊಡಿ. ಒಂದು ಗುಂಪು ಒಂದೇ ಜಾತಿಯ ಗಿಡ ಬೆಳೆಸಲಿ. ಇದು ಬರೀ ಅನುಕೂಲಕ್ಕಲ್ಲ. ಜೇನು ಒಂದು ಸುತ್ತು ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಇದ್ದರೆ ಅದಕ್ಕೆ ಅಷ್ಟು ದೂರ ಬಂದದ್ದೇ ನಷ್ಟ. ಮೂರು ಅಡಿ ತುಂಬಾ ಒಂದೇ ಹೂ ಇದ್ದರೆ ದೂರದಿಂದಲೇ ಕಾಣುತ್ತದೆ, ಬಂದರೆ ಹೊಟ್ಟೆಯೂ ತುಂಬುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುತ್ತದಾ ಎಂದು ಮಾತ್ರ ಮೊದಲು ನೋಡಿಕೊಳ್ಳಿ.

ಯಾವ ಏಳು ಗಿಡ? ತುಂಬೆ, ಕಾಮಕಸ್ತೂರಿ, ಸೂರ್ಯಕಾಂತಿ, ಒಂದೇ ಸುತ್ತಿನ ಕಾಸ್ಮಾಸ್, ಹೂ ಬಿಡಲು ಬಿಟ್ಟ ಕೊತ್ತಂಬರಿ ಅಥವಾ ಸಬ್ಬಸಿಗೆ, ಬದನೆ, ಸಿಹಿಕುಂಬಳ. ಇದು ನನ್ನ ಆಯ್ಕೆ. ನಿಮ್ಮ ಮಣ್ಣಿಗೆ ಒಗ್ಗುವ, ತಾನಾಗಿ ಬೆಳೆಯುವ ಗಿಡ ಬೇರೆ ಇದ್ದರೆ ಅದಕ್ಕೇ ಮೊದಲ ಜಾಗ. ಹೂವಿನ ಆಕಾರ ಒಂದೇ ಥರ ಇರದಿರುವುದು ಮುಖ್ಯ. ಕೊತ್ತಂಬರಿ, ಸಬ್ಬಸಿಗೆಯ ಕೊಡೆಯಂಥ ಗೊಂಚಲು ಗಿಡ್ಡ ನಾಲಿಗೆಯ ನೊಣಗಳಿಗೆ, ಸಣ್ಣ ಕಣಜಗಳಿಗೆ. ಉದ್ದ ಕೊಳವೆಯ ಹೂ ಚಿಟ್ಟೆಗಳಿಗೆ. ಸೂರ್ಯಕಾಂತಿಯನ್ನು ಭೂತಗನ್ನಡಿ ಹಿಡಿದು ನೋಡಿಸಿ. ನಾವು ಒಂದು ಹೂ ಎನ್ನುವುದು ನೂರಾರು ಪುಟ್ಟ ಹೂಗಳ ಗುಂಪು. ಹೊರಗಿನ ಸುತ್ತಿನಿಂದ ಶುರುವಾಗಿ ದಿನಕ್ಕಿಷ್ಟು ಸುತ್ತು ಒಳಗೊಳಗೆ ಅರಳುತ್ತಾ ಹೋಗುತ್ತದೆ. ಜೇನು ಎಲ್ಲಿ ಮುಖ ಹುದುಗಿಸುತ್ತದೋ ಅಲ್ಲೇ ಇವತ್ತು ಅರಳಿದ ಸುತ್ತು ಇದೆ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ.

ಬದನೆ ಯಾಕೆ ಅಂದರೆ, ಅದನ್ನು ಕಿವಿಯಿಂದಲೂ ನೋಡಬಹುದು. ಬದನೆ, ಟೊಮೆಟೊ ಹೂಗಳ ಪರಾಗ ಉಪ್ಪಿನ ಡಬ್ಬಿಯೊಳಗಿನ ಉಪ್ಪಿನಂತೆ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ಅಲ್ಲಾಡಿಸದೆ ಹೊರಗೆ ಬರುವುದಿಲ್ಲ. ದೊಡ್ಡ ಕರಿದುಂಬಿ ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಆಡಿಸದೆ ಮೈಯ ಸ್ನಾಯು ಮಾತ್ರ ಅದುರಿಸಿ "ಝುಂಯ್" ಎನ್ನಿಸುತ್ತದೆ. ಹಾರುವಾಗಿನ ಸದ್ದಿಗಿಂತ ಆ ಸದ್ದು ಬೇರೆಯೇ. ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬರುವುದಿಲ್ಲ.

ಇಲ್ಲಿಗೆ ಪೆಟ್ಟಿಗೆಯ ವಿಷಯಕ್ಕೆ ಬಂದೆವು. ದಯವಿಟ್ಟು ಬೇಡ ಟೀಚರ್. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಗೂಡು ಕಟ್ಟಿ ಸಂಸಾರ ಮಾಡಿಕೊಂಡು ತುಪ್ಪ ಕೂಡಿಡುವುವು ಅದರಲ್ಲಿ ಕೆಲವೇ ಕೆಲವು. ಉಳಿದವುಗಳಲ್ಲಿ ಹೆಚ್ಚಿನವು ಒಂಟಿ ಜೇನುಗಳು. ಒಂದೊಂದು ಹೆಣ್ಣೂ ತನ್ನದೇ ಬಿಲ ತೋಡಿ, ಪರಾಗದ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆ ಇಟ್ಟು, ಬಾಗಿಲು ಮುಚ್ಚಿ ಹೋಗುತ್ತದೆ. ಇವುಗಳಲ್ಲಿ ಬಹಳಷ್ಟು ಚಿಕ್ಕ ಜಾತಿಗಳು ತಮ್ಮ ಬಿಲದಿಂದ ಕೆಲವು ನೂರು ಮೀಟರಿನ ಆಚೆ ಹೋಗಲಾರವು. 120 ಚದರ ಅಡಿಯ ತೋಟದಿಂದ ದೊಡ್ಡ ಉಪಕಾರ ಆಗುವುದು ಇವುಗಳಿಗೇ. ಅಲ್ಲಿ ಸಾವಿರಾರು ಹುಳುಗಳ ಪೆಟ್ಟಿಗೆ ಇಟ್ಟರೆ, ಇರುವ ನಾಲ್ಕು ಹೂವಿಗೂ ಅವುಗಳ ಜೊತೆ ಪೈಪೋಟಿ. ಜೊತೆಗೆ ಪೆಟ್ಟಿಗೆ ನೋಡಿಕೊಳ್ಳಲು ಪಳಗಿದ ಕೈ ಬೇಕು, ಗೂಡು ಕಾಯುವ ಜೇನುಗಳು ಚುಚ್ಚುವುದೂ ಜಾಸ್ತಿ.

ಒಂಟಿ ಜೇನಿಗೆ ನೀವು ಕೊಡಬೇಕಾದದ್ದು ಬರಿ ನೆಲ. ಅವುಗಳಲ್ಲಿ ಹೆಚ್ಚಿನವು ಮಣ್ಣಲ್ಲೇ ಗೂಡು ಮಾಡುವಂಥವು. ಬಿಸಿಲು ಬೀಳುವ ಒಂದು ಮೂಲೆಯಲ್ಲಿ ಮೂರಡಿ ಜಾಗವನ್ನು ಗಿಡ ನೆಡದೆ, ಎಲೆ ಮುಚ್ಚದೆ, ಅಗೆಯದೆ ಬಿಡಿ. ಇದಕ್ಕೆ ಒಪ್ಪಿಸುವುದೇ ಕಷ್ಟದ ಕೆಲಸ, ಯಾಕೆಂದರೆ ನೋಡುವವರಿಗೆಲ್ಲ ಅದು ಅರ್ಧ ಬಿಟ್ಟ ಕೆಲಸದಂತೆ ಕಾಣುತ್ತದೆ. ಮಕ್ಕಳ ಕೈಯಲ್ಲಿ ಒಂದು ಬೋರ್ಡ್ ಬರೆಸಿ ಹಾಕಿ: "ಇಲ್ಲಿ ಜೇನುಗಳ ಮನೆ ಇದೆ, ತುಳಿಯಬೇಡಿ." ಮರದ ತುಂಡಿಗೆ ತೂತು ಕೊರೆದು ಜೇನುಮನೆ ಮಾಡುವುದೂ ಒಳ್ಳೆಯದೇ. ತೂತು 3ರಿಂದ 10 ಮಿಲಿಮೀಟರ್ ಅಗಲ, ಸುಮಾರು 15 ಸೆಂಟಿಮೀಟರ್ ಆಳ, ಹಿಂಬದಿ ಮುಚ್ಚಿರಬೇಕು, ಮಳೆ ಬೀಳಬಾರದು. ಆದರೆ ದೊಡ್ಡದು ಮಾಡಬೇಡಿ. ಒಂದೇ ಕಡೆ ನೂರಾರು ಗೂಡು ಸೇರಿದರೆ ಬೂಸ್ಟು, ಪರಾವಲಂಬಿ ಹುಳುಗಳು ಬೇಗ ಹರಡುತ್ತವೆ. ಅಂಗೈ ಅಗಲದ ಎರಡು ಮೂರು ತುಂಡು ಬೇರೆ ಬೇರೆ ಕಡೆ ಇಡಿ. ತೂತಿನ ಬಾಯಿ ಹಸಿರು ಎಲೆಯ ದುಂಡು ಚೂರುಗಳಿಂದ ಮುಚ್ಚಿದ್ದರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಆಗ ಹತ್ತಿರದ ಗುಲಾಬಿ ಗಿಡದ ಎಲೆ ನೋಡಿ, ಕತ್ತರಿ ಹಿಡಿದು ಕತ್ತರಿಸಿದಂಥ ಕಚ್ಚುಗಳು ಸಿಗುತ್ತವೆ.

ಎಲೆ ವಿಷಯ ಬಂತಲ್ಲ, ಗೋಡೆ ಪಕ್ಕದ ಪಾತಿ ಅದಕ್ಕೇ ಇರಲಿ. ಚಿಟ್ಟೆ ಬರಲಿ ಎಂದು ಎಲ್ಲರೂ ಹೂ ನೆಡುತ್ತಾರೆ, ಮರಿಹುಳುವಿಗೆ ಎಲೆ ಯಾರೂ ನೆಡುವುದಿಲ್ಲ. ಅಲ್ಲಿ ನಾಲ್ಕು ಕರಿಬೇವು, ಎರಡು ನಿಂಬೆ ಹಾಕಿ. ಕಪ್ಪು ಮೈಮೇಲೆ ತಿಳಿಹಳದಿ ಮಚ್ಚೆಯ ನಿಂಬೆ ಚಿಟ್ಟೆ ಬಂದು ಎಳೆ ಎಲೆಗೆ ಸಾಸಿವೆಗಿಂತ ಚಿಕ್ಕದಾದ ಹಳದಿ ಮೊಟ್ಟೆ ಇಡುತ್ತದೆ. ಕೆಲವೇ ದಿನಕ್ಕೆ ಮರಿ ಹೊರಬರುತ್ತದೆ. ಕಂದು ಬಿಳಿ ಬಣ್ಣದ ಅದು ಥೇಟ್ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಮಕ್ಕಳು ಎಷ್ಟೋ ದಿನ ಹಿಕ್ಕೆ ಎಂದೇ ನಂಬಿ ದಾಟಿ ಹೋಗಿರುತ್ತಾರೆ. ಬೆಳೆಯುತ್ತಾ ಕೊನೆಗೆ ಎಲೆಯದೇ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಗಿತ್ತಳೆ ಬಣ್ಣದ ಎರಡು ಕೋಡು ಚಾಚಿ, ಗಾಢ ವಾಸನೆ ಬಿಡುತ್ತದೆ. ಒಂದು ಸಲ ತೋರಿಸಿದರೆ ಸಾಕು, ಮತ್ತೆ ಮತ್ತೆ ಕೆಣಕಬೇಡಿ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಮೂರು ನಾಲ್ಕು ವಾರ. ಅಷ್ಟರಲ್ಲಿ ಕರಿಬೇವು ಅರ್ಧ ಬೋಳಾಗಿರುತ್ತದೆ. ಹೆದರಬೇಡಿ, ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ಆ ತಿಂದ ಎಲೆಗಳೇ ತೋಟ ಸರಿಯಾಗಿದೆ ಎಂಬುದಕ್ಕೆ ಗುರುತು ಎಂದು ಮುಖ್ಯೋಪಾಧ್ಯಾಯರಿಗೂ ಮೊದಲೇ ಹೇಳಿಡಿ.

ಎಕ್ಕದ ಗಿಡಕ್ಕೂ ಒಂದು ಚಂದದ ಕಿತ್ತಳೆ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಮಕ್ಕಳ ಕೈಗೆ ಎಟಕುವ ಕಡೆ ನಾನು ಒಪ್ಪುವುದಿಲ್ಲ. ಹರಳು, ಕಣಗಿಲೆ ಕೂಡ ವಿಷದ ಗಿಡಗಳು, ಬೇಡ. ಲಂಟಾನಕ್ಕೆ ಚಿಟ್ಟೆ ಮುತ್ತುತ್ತವೆ ನಿಜ, ಆದರೆ ಅದು ಹಬ್ಬಿ ಬೇರೆ ಗಿಡಗಳನ್ನು ಹೊಸಕಿ ಹಾಕುತ್ತದೆ.

ಪೋಷಕರ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸ ಶುರು ಮಾಡುವ ಮೊದಲೇ ಒಂದು ಚೀಟಿ ಕಳಿಸಿ, ಯಾವ ಮಗುವಿಗೆ ಜೇನು, ಕಣಜದ ಕಡಿತದಿಂದ ಅಲರ್ಜಿ ಆಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೂವಿನ ಮೇಲಿರುವ ಜೇನು ತನ್ನ ಪಾಡಿಗೆ ಇರುತ್ತದೆ. ಹಿಡಿದರೆ, ತುಳಿದರೆ ಮಾತ್ರ ಚುಚ್ಚುವುದು. ಒಂಟಿ ಜೇನಿಗೆ ಕಾಯಲು ಗೂಡಿನ ತುಂಬ ಸಂಸಾರವೂ ಇಲ್ಲ. ಗಂಡು ಜೇನಿಗಂತೂ ಮುಳ್ಳೇ ಇಲ್ಲ. ನಿಯಮ ಮೂರೇ ಇರಲಿ: ಚಪ್ಪಲಿ ಇಲ್ಲದೆ ಬರಬಾರದು, ಹುಳವನ್ನು ಕೈಯಲ್ಲಿ ಹಿಡಿಯಬಾರದು, ಹತ್ತಿರ ಬಂದರೆ ಕೈ ಬೀಸದೆ ನಿಲ್ಲಬೇಕು. ಹೆಜ್ಜೇನು, ಕಣಜದ ಗೂಡು ಶಾಲೆಯ ಆವರಣದಲ್ಲಿ ಕಂಡರೆ ಮಕ್ಕಳನ್ನು ದೂರ ಇಟ್ಟು ತಿಳಿದವರನ್ನು ಕರೆಸಿ. ಯಾರೂ ಕಲ್ಲು, ಹೊಗೆ ಅಂತ ಹೋಗಕೂಡದು. ಜೇನು ಚುಚ್ಚಿದರೆ ಮುಳ್ಳನ್ನು ತಕ್ಷಣ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ತೊಳೆದು ತಣ್ಣನೆ ಬಟ್ಟೆ ಒತ್ತಿ. ಮುಖ, ತುಟಿ ಊದಿಕೊಂಡರೆ, ಮೈಯೆಲ್ಲ ದದ್ದು ಬಂದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ, ವಾಂತಿಯಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ.

ಇನ್ನು ನನಗೆ ಬಹಳ ಇಷ್ಟವಾದ ಪಾಠ. ಸಿಹಿಕುಂಬಳದ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಪುಟ್ಟ ಹೀಚು ಅರಳುವ ಮೊದಲೇ ಇರುತ್ತದೆ, ಮಕ್ಕಳು ಬೇಗ ಗುರುತಿಸುತ್ತಾರೆ. ಹೂ ಅರಳುವುದು ಒಂದೇ ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಅದರ ಪರಾಗ ದಪ್ಪ, ಅಂಟು, ಗಾಳಿಗೆ ಹಾರುವಂಥದ್ದಲ್ಲ. ನಾಳೆ ಅರಳುವ ಮೂರು ಹೆಣ್ಣು ಮೊಗ್ಗು ಆರಿಸಿ. ಎರಡಕ್ಕೆ ಇವತ್ತು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಒಂದನ್ನು ಹಾಗೇ ಬಿಡಿ. ಬೆಳಗ್ಗೆ ಚೀಲ ಕಟ್ಟಿದ ಒಂದು ಹೂವನ್ನು ಬಿಚ್ಚಿ, ಮಗುವೊಂದು ಗಂಡು ಹೂವಿನ ಕೇಸರವನ್ನು ಅದರ ನಡುವೆ ಮೆತ್ತಗೆ ಸವರಿ, ಮತ್ತೆ ಚೀಲ ಕಟ್ಟಲಿ. ಇನ್ನೊಂದನ್ನು ಬಿಚ್ಚಲೇಬೇಡಿ. ಕೆಲವು ದಿನಕ್ಕೆ ಮುಚ್ಚಿಯೇ ಇದ್ದ ಹೂವಿನ ಹೀಚು ಹಳದಿಯಾಗಿ ಉದುರುತ್ತದೆ. ಉಳಿದೆರಡು ಸಾಮಾನ್ಯವಾಗಿ ದಪ್ಪವಾಗುತ್ತಾ ಹೋಗುತ್ತವೆ. ಒಂದೊಂದು ಸಲ ಬೇರೆ ಕಾರಣಕ್ಕೂ ಹೀಚು ಉದುರುವುದುಂಟು, ಆದ್ದರಿಂದ ಎರಡು ಮೂರು ಸಲ ಮಾಡಿ. ಪರಾಗಸ್ಪರ್ಶ ಎಂಬ ಪದವನ್ನು ಬೋರ್ಡ್ ಮೇಲೆ ಆಮೇಲೆ ಬರೆದರೂ ಸಾಕು.

ಆ ದಿನವೇ ಎಡ್ಮಂಡ್ ಆಲ್ಬಿಯಸ್ ಕಥೆ ಹೇಳಿ. 1841, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ. ಮೆಕ್ಸಿಕೊ ಕಡೆಯಿಂದ ಬಂದ ವೆನಿಲ್ಲಾ ಬಳ್ಳಿ ಅಲ್ಲಿ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ, ಯಾಕೆಂದರೆ ಅದರ ಹುಳುಗಳು ಅಲ್ಲಿರಲಿಲ್ಲ. ಗುಲಾಮನಾಗಿದ್ದ 12 ವರ್ಷದ ಈ ಹುಡುಗ ಒಂದು ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗ ಸೇರಿಸುವ ಉಪಾಯ ಕಂಡುಹಿಡಿದ. ಇವತ್ತಿಗೂ ವೆನಿಲ್ಲಾ ಬೆಳೆಯುವವರು ಬಹುತೇಕ ಅದೇ ಉಪಾಯ ಬಳಸುತ್ತಾರೆ. ನಿಮ್ಮ ಮಕ್ಕಳಿಗಿಂತ ಅವನು ಒಂದೆರಡು ವರ್ಷ ದೊಡ್ಡವನಷ್ಟೇ ಅಲ್ವಾ?

ಜೇನಿಗೆ ಬಣ್ಣ ಗೊತ್ತಾಗುತ್ತದಾ ಎಂದು ನೋಡುವ ಪ್ರಯೋಗವೂ ಸುಲಭ. ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1914ರಲ್ಲಿ ಪ್ರಕಟಿಸಿದ್ದು ಇದನ್ನೇ. ಜೇನುಗಳ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ನೊಬೆಲ್ ಬಂತು. ಕಡು, ತಿಳಿ ಬೂದು ಕಾಗದಗಳ ನಡುವೆ ಒಂದು ನೀಲಿ ಕಾಗದ ಇಟ್ಟು, ಅದರ ಮೇಲೆ ಮಾತ್ರ ಸಕ್ಕರೆ ನೀರಿನ ಬಟ್ಟಲು ಇಡುವುದು. ಜೇನು ಪಳಗಿದ ಮೇಲೆ ಹೊಸ ಕಾಗದ, ಖಾಲಿ ಬಟ್ಟಲುಗಳಿಟ್ಟು, ನೀಲಿಯ ಜಾಗವನ್ನೂ ಬದಲಿಸುವುದು. ಆದರೂ ನೀಲಿಗೇ ಬರುತ್ತವೆ. ನೀಲಿಯ ಬದಲು ಕೆಂಪು ಇಟ್ಟರೆ ಕಡು ಬೂದಿನ ಜೊತೆ ಗೊಂದಲ ಮಾಡಿಕೊಳ್ಳುತ್ತವೆ, ಅವುಗಳ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ. ಮಕ್ಕಳು ಇದನ್ನು ದೂರದಲ್ಲಿ ನಿಂತು ನೋಡಲಿ, ಮುಗಿದ ಕೂಡಲೇ ಬಟ್ಟಲು ಎತ್ತಿಡಿ.

ನೀರಿಗೆ ಒಂದು ಆಳವಿಲ್ಲದ ತಟ್ಟೆ, ಕೂರಲು ಅದರಲ್ಲಿ ಬೆಣಚುಕಲ್ಲು. ವಾರಕ್ಕೆ ಎರಡು ಸಲ ಚೆಲ್ಲಿ ತುಂಬಿಸಿ, ಇಲ್ಲದಿದ್ದರೆ ಸೊಳ್ಳೆ ಹುಟ್ಟುತ್ತವೆ.

ಕೊನೆಗೆ ರಜೆ. ಗೋಡೆ ಪಕ್ಕದ ಗಿಡಗಳನ್ನು ಮಳೆ ಶುರುವಾಗುವಾಗ ನೆಟ್ಟರೆ ಬೇಸಿಗೆಯ ಹೊತ್ತಿಗೆ ಬೇರು ಆಳಕ್ಕೆ ಹೋಗಿರುತ್ತದೆ. ಗಿಡಗಳ ನಡುವೆ ಮೆರುಗು ಹಚ್ಚದ ಮಣ್ಣಿನ ಮಡಕೆಗಳನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಿ. ನೀರು ಮೆಲ್ಲಗೆ ಜಿನುಗಿ ಬೇರಿಗೇ ಹೋಗುತ್ತದೆ. ಬುಡಕ್ಕೆ ತರಗೆಲೆ ಹೊದಿಸಿ, ಜೇನಿನ ಮೂಲೆಗೆ ಮಾತ್ರ ಬೇಡ. ಏಳು ಗುಂಪಿಗೆ ರಜೆಯ ವಾರಗಳನ್ನು ಹಂಚಿ, ಹತ್ತಿರದ ಮನೆಯ ದೊಡ್ಡವರೊಬ್ಬರನ್ನು ಪ್ರತಿ ಗುಂಪಿಗೆ ಜೊತೆ ಮಾಡಿ. ತುಂಬೆ, ಕಾಸ್ಮಾಸ್, ಕಾಮಕಸ್ತೂರಿ ಒಣಗುವುದು ಸಹಜ. ಅವುಗಳ ಬೀಜವನ್ನು ರಜೆಗೆ ಮೊದಲೇ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಗಿಡದ ಹೆಸರು, ವರ್ಷ ಬರೆದಿಡಲಿ. ಒಣಗಿದ ದಂಟುಗಳನ್ನು ಕಿತ್ತು ಸುಡಬೇಡಿ, ಟೊಳ್ಳು ದಂಟಿನೊಳಗೂ ಜೇನಿನ ಮರಿ ಮಲಗಿರಬಹುದು.

ಶಾಲೆ ಮತ್ತೆ ತೆರೆದ ದಿನ ಮೊದಲು ಮಡಕೆ ನೋಡಿ, ಆಮೇಲೆ ಆ ಬರಿ ನೆಲದ ಮೂಲೆಗೆ ಹೋಗಿ. ಪೆನ್ಸಿಲ್ ದಪ್ಪದ ತೂತು, ಅದರ ಸುತ್ತ ರವೆಯಂತೆ ಪುಡಿ ಮಣ್ಣು ಕಂಡರೆ, ಸುತ್ತಲೂ ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿ. ಮಕ್ಕಳನ್ನು ಎರಡು ಹೆಜ್ಜೆ ಹಿಂದೆ ಕೂರಿಸಿ. ಹತ್ತು ನಿಮಿಷದೊಳಗೆ ಅದರಿಂದ ಒಂದು ಮುಖ ಇಣುಕಬಹುದು.